ದಿನಾ ಚಿಕನ್ ಹಾಕುತ್ತಿದ್ದೇನೆ, ಆದರೂ ಮರಿ ಜಿಗಿಯುತ್ತಿಲ್ಲ. ಏನು ತಪ್ಪಾಗಿದೆ?

ಕುಂದಾಪ್ರದವಳು, ಭಾಂಡುಪ್, ಮುಂಬೈ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಜುಲೈ ಮಳೆಯಲ್ಲಿ ನಮ್ಮ ಬಿಲ್ಡಿಂಗಿನ ಮೀಟರ್ ರೂಮಿನಲ್ಲಿ ಒಂದು ಬೆಕ್ಕಿನ ಮರಿ ಸಿಕ್ಕಿತು. ತಾಯಿ ಬರಬಹುದು ಅಂತ ಎರಡು ದಿನ ಕಾದೆವು. ಬರಲಿಲ್ಲ. ಆಗ ಐದು ವಾರ ಇರಬಹುದು ಅಂದರು ಡಾಕ್ಟರ್. ಬಣ್ಣ ನೋಡಿ ಬೆಲ್ಲ ಅಂತ ಹೆಸರಿಟ್ಟೆವು. ಈಗ ಹನ್ನೊಂದು ವಾರ.

ಪ್ಯಾಕೆಟ್ ಆಹಾರ ಬೇಡ, ಮನೆಯಲ್ಲೇ ಮಾಡಿ ಹಾಕೋಣ ಅಂತ ನನ್ನ ಆಸೆ. ದಿನಾ ಬೋನ್‌ಲೆಸ್ ಚಿಕನ್ ತರುತ್ತೇನೆ, ಎದೆ ಭಾಗ. ಉಪ್ಪು ಹಾಕದೆ ಬೇಯಿಸಿ, ನೀರು ಬಸಿದು, ಎಳೆ ಎಳೆ ಬಿಡಿಸಿ ಕೊಡುತ್ತೇನೆ. ಚೆನ್ನಾಗಿ ತಿನ್ನುತ್ತದೆ. ಆದರೆ ಹತ್ತು ದಿನದಿಂದ ಸೋಫಾಕ್ಕೆ ಜಿಗಿಯುವುದನ್ನು ಬಿಟ್ಟಿದೆ. ಹೊಟ್ಟೆ ಕೆಳಗೆ ಕೈ ಹಾಕಿ ಎತ್ತಿದರೆ ಕೂಗುತ್ತದೆ. ತೂಕ 880 ಗ್ರಾಂ. ಎರಡು ವಾರದಿಂದ ಅಲ್ಲೇ ನಿಂತಿದೆ. ಹುಳದ ಔಷಧಿ ಆಗಿದೆ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ರಕ್ತ ನೋಡಿ "ಕ್ಯಾಲ್ಸಿಯಂ ನಾರ್ಮಲ್" ಅಂದರು, ಒಂದು ಸಿರಪ್ ಕೊಟ್ಟು ಕಳಿಸಿದರು. ನನಗೆ ಸಮಾಧಾನ ಆಗುತ್ತಿಲ್ಲ. ಮನೆ ಊಟದಲ್ಲಿ ಏನಾದರೂ ಕಡಿಮೆ ಆಗಿದೆಯಾ?

ವಾಸ್ಕೊ ಮಾವ

ತಂಗಿ, ಬರೀ ಚಿಕನ್ ಯಾಕೆ? ಹಾಲನ್ನ ಹಾಕು. ನಮ್ಮ ಮನೆಯಲ್ಲಿ, ಅಂಕೋಲೆಯಲ್ಲಿ, ನನ್ನ ಅಜ್ಜಿ ಆರೇಳು ಬೆಕ್ಕು ಸಾಕಿದ್ದರು. ಎಲ್ಲಕ್ಕೂ ಹಾಲನ್ನ, ಮೀನಿನ ತಲೆ. ಒಂದಕ್ಕೂ ಕಾಲು ನೋವು ಅಂತ ಬಂದಿದ್ದು ನಾನು ನೋಡಿಲ್ಲ.

ಕೊತ್ರೂಡ್ ಅಕ್ಕ, ಪುಣೆ

ಭಾಂಡುಪ್ ತಂಗಿ, ಉಳಿದದ್ದು ಆಮೇಲೆ ಓದಿ. ಮೊದಲು ಬೆಲ್ಲನನ್ನು ಒಂದು ದೊಡ್ಡ ಪೆಟ್ಟಿಗೆಯಲ್ಲೋ ಪಂಜರದಲ್ಲೋ ಇಡಿ. ಮೆತ್ತಗೆ ಬಟ್ಟೆ ಹಾಸಿ. ಹತ್ತುವುದು ಇಳಿಯುವುದು ಬೇಡ. ನಾಳೆ ಬೆಳಿಗ್ಗೆಯೇ ಎಕ್ಸ್‌ರೇ ಮಾಡಿಸಿ. ರಕ್ತ ಪರೀಕ್ಷೆ ಸಾಲದು.

ಇದೇ ನನ್ನ ಮನೆಯಲ್ಲಿ ಆಗಿದೆ. ಎರಡು ವರ್ಷದ ಹಿಂದೆ ಗುಂಡ ಅಂತ ಒಂದು ಮರಿ ತಂದೆ. ನಾನೂ ನಿಮ್ಮ ಹಾಗೇ, ಬೋನ್‌ಲೆಸ್ ಚಿಕನ್, ಎದೆ ಭಾಗ, ಎರಡೂವರೆ ತಿಂಗಳು. ಒಂದು ಸಂಜೆ ಹಾಸಿಗೆಯಿಂದ ಕೆಳಗೆ ಹಾರಿತು. ನನ್ನ ಮೊಣಕಾಲಿನಷ್ಟು ಎತ್ತರ, ಅಷ್ಟೇ. ಒಂದೇ ಸಲ ಚೀರಿತು. ಹಿಂದಿನ ಕಾಲು ನೆಲಕ್ಕೆ ಊರಲಿಲ್ಲ.

ಎಕ್ಸ್‌ರೇ ಫಿಲ್ಮ್ ಅನ್ನು ಡಾಕ್ಟರ್ ಬೆಳಕಿಗೆ ಹಿಡಿದಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮೂಳೆ ಅಂದರೆ ಬೆಳ್ಳಗೆ ಕಾಣಬೇಕು ಅಲ್ವಾ? ಗುಂಡನ ತೊಡೆ ಮೂಳೆ ಸುತ್ತಲಿನ ಮಾಂಸದಷ್ಟೇ ಬೂದು. ಪೆನ್ಸಿಲಲ್ಲಿ ಗೆರೆ ಎಳೆದು ರಬ್ಬರಲ್ಲಿ ಉಜ್ಜಿದ ಹಾಗೆ. ನಡುವೆ ಒಂದು ಕಡೆ ಹಸಿ ಕಡ್ಡಿ ಬಗ್ಗಿಸಿದಂತೆ ಮಡಚಿತ್ತು. "ಏನು ಹಾಕುತ್ತೀರಿ?" ಅಂತ ಕೇಳಿದರು. ಹೇಳಿದೆ. "ಪ್ರೀತಿಯಿಂದಲೇ ಹಾಕಿದ್ದೀರಿ, ಆದರೆ ಇದರಲ್ಲಿ ಮೂಳೆ ಕಟ್ಟುವ ಸಾಮಾನೇ ಇಲ್ಲ" ಅಂದರು. ಐದು ವಾರ ಪಂಜರದ ಪಕ್ಕ ನೆಲದ ಮೇಲೆ ಮಲಗಿದೆ. ಗುಂಡ ಈಗ ಆರಾಮಾಗಿದ್ದಾನೆ, ಆದರೆ ಆ ಕಾಲು ಸ್ವಲ್ಪ ಡೊಂಕಾಗಿಯೇ ಉಳಿಯಿತು. ದಯವಿಟ್ಟು ತಡ ಮಾಡಬೇಡಿ.

ಧಾರವಾಡದ ಪಶುವೈದ್ಯ, ಪಿಂಪ್ರಿ

ಕೊತ್ರೂಡ್ ಅಕ್ಕ ಹೇಳಿದ್ದು ಸರಿ. ಕೈಯಿಂದ ಮುಟ್ಟದೆ ರೋಗ ಹೇಳುವುದು ನನ್ನ ಪದ್ಧತಿ ಅಲ್ಲ. ಆದರೆ ನೀವು ಬರೆದ ಲಕ್ಷಣಗಳನ್ನು ಓದಿದರೆ ಮೊದಲು ಅನುಮಾನ ಬರುವುದು ಅದೇ, ಕ್ಯಾಲ್ಸಿಯಂ ಸಾಲದೆ ಮೂಳೆ ತೆಳ್ಳಗಾಗಿರುವುದು.

ಲೆಕ್ಕ ನೋಡಿ. ಮೂಳೆ ಇಲ್ಲದ 100 ಗ್ರಾಂ ಚಿಕನ್‌ನಲ್ಲಿ ರಂಜಕ, ಅಂದರೆ ಫಾಸ್ಫರಸ್, ಸುಮಾರು 200 ಮಿಲಿಗ್ರಾಂ ಇರುತ್ತದೆ. ಕ್ಯಾಲ್ಸಿಯಂ ಬರೀ 10 ಮಿಲಿಗ್ರಾಂ ಆಸುಪಾಸು. ಬೆಳೆಯುವ ಮರಿಗೆ ಕ್ಯಾಲ್ಸಿಯಂ ರಂಜಕಕ್ಕಿಂತ ತುಸು ಜಾಸ್ತಿಯೇ ಬೇಕು. ಇಲ್ಲಿ ಇಪ್ಪತ್ತು ಪಟ್ಟು ಕಡಿಮೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹೃದಯ, ನರ ಕೆಲಸ ಮಾಡುವುದಿಲ್ಲ. ಹಾಗಾಗಿ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಹಾಕುತ್ತವೆ. ಅದಕ್ಕೇ ರಕ್ತದ ರಿಪೋರ್ಟ್ ನಾರ್ಮಲ್ ಬಂದಿರಬಹುದು. ಖಜಾನೆ ಖಾಲಿಯಾಗುತ್ತಿರುವುದು ಮೂಳೆಯಲ್ಲಿ.

ಸಿರಪ್ ಅನ್ನು ನೀವೇ ಜಾಸ್ತಿ ಮಾಡಬೇಡಿ. ಮನುಷ್ಯರ ಸಿರಪ್‌ನಲ್ಲಿ ಡಿ3 ವಿಟಮಿನ್ ಇರುತ್ತದೆ. ಅದು ಮಿತಿ ಮೀರಿದರೆ ಕಿಡ್ನಿಗೆ ತೊಂದರೆ.

ವಾಸ್ಕೊ ಮಾವ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಅಜ್ಜಿಯ ಬೆಕ್ಕುಗಳು ಹಾಲನ್ನದಿಂದ ಬದುಕಲಿಲ್ಲ. ಅಟ್ಟದ ಮೇಲೆ, ಗದ್ದೆ ಬದುವಿನಲ್ಲಿ ಇಲಿ ಹಿಡಿಯುತ್ತಿದ್ದವು. ಇಲಿಯನ್ನು ಬೆಕ್ಕು ಇಡಿಯಾಗಿ ತಿನ್ನುತ್ತದೆ. ಮೂಳೆ, ಈಲಿ (ಲಿವರ್), ಗುಂಡಿಗೆ, ರಕ್ತ ಎಲ್ಲ ಸೇರಿ. ಅದರಲ್ಲಿ ಬೇಕಾದ್ದೆಲ್ಲ ಬೇಕಾದ ಅಳತೆಯಲ್ಲಿ ಇದೆ. ಭಾಂಡುಪ್‌ನ ಫ್ಲ್ಯಾಟಿನಲ್ಲಿ ಆ ಇಲಿ ಇಲ್ಲ. ಮನೆ ಅಡುಗೆ ಅಂದರೆ ನಾವು ಆ ಇಲಿಯನ್ನು ಪಾತ್ರೆಯಲ್ಲಿ ಮತ್ತೆ ಜೋಡಿಸಬೇಕು. ಬರೀ ಅದರ ಎದೆ ಮಾಂಸ ಕೊಟ್ಟರೆ ಆಗದು.

ವಾಸ್ಕೊ ಮಾವ

ಬೇಜಾರು ಏನಿಲ್ಲ ಡಾಕ್ಟರೇ. ಹೌದು, ಅಟ್ಟದಲ್ಲಿ ರಾತ್ರಿ ದಡಬಡ ಸದ್ದು ಕೇಳುತ್ತಿತ್ತು. ಹಾಲು ಕೊಡಬಾರದಾ ಹಾಗಾದರೆ?

ಧಾರವಾಡದ ಪಶುವೈದ್ಯ, ಪಿಂಪ್ರಿ

ಕಣ್ಣು ಬಿಡದ ಮರಿಗೆ ಹಸುವಿನ ಹಾಲು ಬೇಡವೇ ಬೇಡ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಜಾಸ್ತಿ. ಹಸುವಿನ ಹಾಲು ಕೊಟ್ಟರೆ ಭೇದಿ ಹತ್ತಿ ಒಂದೆರಡು ದಿನದಲ್ಲಿ ಸೊರಗುತ್ತವೆ. ತಾಯಿ ಇಲ್ಲದಿದ್ದರೆ ಮರಿಗಳಿಗೇ ಅಂತ ಮಾಡಿದ ಹಾಲಿನ ಪುಡಿ ಸಿಗುತ್ತದೆ, ಅದೇ ಕೊಡಬೇಕು. ನಾಲ್ಕನೇ ವಾರದಿಂದ ಮೆತ್ತಗಿನ ಊಟ ಶುರು. ಎಂಟನೇ ವಾರದ ಹೊತ್ತಿಗೆ ಹಾಲಿನ ಅಗತ್ಯ ಮುಗಿಯುತ್ತದೆ.

ಕುಂದಾಪ್ರದವಳು, ಭಾಂಡುಪ್ (ಸೋಮವಾರ ಮಧ್ಯಾಹ್ನ)

ಪರೇಲ್‌ನ ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಗೆ ಹೋಗಿ ಬಂದೆ. ಬುಟ್ಟಿಯಲ್ಲಿ ಟವೆಲ್ ಸುತ್ತಿ, ಲೋಕಲ್ ಟ್ರೇನಿನಲ್ಲಿ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಎಕ್ಸ್‌ರೇ ಆಯಿತು. ಮುರಿದಿಲ್ಲ. ಆದರೆ ಮೂಳೆ ತೆಳ್ಳಗಾಗಿದೆ. ಕೊತ್ರೂಡ್ ಅಕ್ಕ, ನೀವು ಬರೆದ ಹಾಗೇ, ಮಾಂಸಕ್ಕೂ ಮೂಳೆಗೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ನಾನೇ ದಿನಾ ಕೈಯಾರೆ ಬಿಡಿಸಿ ಕೊಟ್ಟದ್ದು.

ನಾಲ್ಕು ವಾರ ಪಂಜರ, ನೋವಿಗೆ ಔಷಧಿ. ಅಲ್ಲಿಯವರೆಗೆ ಮರಿಗಳಿಗೆ ಅಂತ ಇರುವ ಸಂಪೂರ್ಣ ಆಹಾರವನ್ನೇ ಕೊಡಿ, ಮನೆ ಅಡುಗೆ ನಿಲ್ಲಿಸಿ ಅಂದರು. ಕೊಡುತ್ತೇನೆ. ಆದರೆ ವಾಸಿಯಾದ ಮೇಲೆ ಮತ್ತೆ ಮನೆಯಲ್ಲಿ ಮಾಡುವ ಆಸೆ ಬಿಟ್ಟಿಲ್ಲ. ಸರಿಯಾಗಿ ಮಾಡುವುದು ಹೇಗೆ ಅಂತ ಕಲಿಯಬೇಕು.

ಕೊತ್ರೂಡ್ ಅಕ್ಕ, ಪುಣೆ

ಮುರಿಯುವ ಮೊದಲೇ ಸಿಕ್ಕಿತಲ್ಲ, ಅದು ದೊಡ್ಡದು. ನಾನೂ ಅತ್ತಿದ್ದೆ. ಮರಿಯ ಮೂಳೆ ಬೇಗ ಸುಧಾರಿಸುತ್ತದೆ, ಸರಿ ಊಟ ಸಿಕ್ಕರೆ.

ಡೊಂಬಿವಲಿ ಹುಡುಗ

ನೆಟ್‌ನಲ್ಲಿ ಬೆಕ್ಕಿನ ಊಟದ ರೆಸಿಪಿ ಸಾಕಷ್ಟು ಸಿಗುತ್ತವೆ. ಚಿಕನ್, ಕ್ಯಾರೆಟ್, ಅನ್ನ, ಒಂದು ಮೊಟ್ಟೆ. ಅವನ್ನು ನಂಬಬಹುದಾ?

ಧಾರವಾಡದ ಪಶುವೈದ್ಯ, ಪಿಂಪ್ರಿ

ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2019ರಲ್ಲಿ ಪುಸ್ತಕ, ವೆಬ್‌ಸೈಟ್‌ಗಳಿಂದ ಇಂಥ 114 ರೆಸಿಪಿ ಆರಿಸಿ ಪರೀಕ್ಷೆ ಮಾಡಿದರು. 94ರಲ್ಲಿ ಮಾತ್ರ ಲೆಕ್ಕ ಹಾಕುವಷ್ಟು ವಿವರ ಇತ್ತು. ಆ 94ರಲ್ಲಿ ಎಲ್ಲ ಪೋಷಕಾಂಶ ಪೂರ್ತಿ ಇದ್ದದ್ದು ಒಂದೂ ಇಲ್ಲ. ಅವೆಲ್ಲ ದೊಡ್ಡ ಬೆಕ್ಕಿನ ರೆಸಿಪಿ. ಮರಿಗೆ ಬೇಕಾದ್ದು ಇನ್ನೂ ಜಾಸ್ತಿ.

ಕ್ಯಾರೆಟ್ ಮಾತು ಬಂತು, ಹೇಳಿಬಿಡುತ್ತೇನೆ. ನಾವು ಕ್ಯಾರೆಟ್ ತಿಂದು ಎ ವಿಟಮಿನ್ ಮಾಡಿಕೊಳ್ಳುತ್ತೇವೆ. ಬೆಕ್ಕಿನ ದೇಹಕ್ಕೆ ಆ ಕೆಲಸ ಬರುವುದಿಲ್ಲ. ಅದಕ್ಕೆ ತಯಾರಾದ ಎ ವಿಟಮಿನ್ನೇ ಬೇಕು, ಅಂದರೆ ಈಲಿ. ಟೌರಿನ್ ಅನ್ನುವ ಪೋಷಕಾಂಶ ಕೂಡ ಹಾಗೇ. ಅದನ್ನು ಬೆಕ್ಕು ಸಾಕಷ್ಟು ತಯಾರಿಸಿಕೊಳ್ಳಲಾರದು. ಕಡಿಮೆಯಾದರೆ ಕಣ್ಣಿನ ಒಳಪದರ ಹಾಳಾಗುತ್ತದೆ, ಹೃದಯ ಹಿಗ್ಗಿ ದುರ್ಬಲವಾಗುತ್ತದೆ. ಕಣ್ಣಿನ ವಿಷಯ 1975ರಲ್ಲಿ, ಹೃದಯದ ವಿಷಯ 1987ರಲ್ಲಿ ಗೊತ್ತಾಯಿತು. ಅದಾದ ಮೇಲೆ ಕಂಪನಿಗಳೇ ತಮ್ಮ ಆಹಾರದಲ್ಲಿ ಟೌರಿನ್ ಹೆಚ್ಚಿಸಿದವು.

ಕುಂದಾಪ್ರದವಳು, ಭಾಂಡುಪ್

ಡಾಕ್ಟರೇ, ಟೌರಿನ್ ಚಿಕನ್‌ನಲ್ಲಿ ಇರುವುದಿಲ್ಲವಾ? ಚಿಕನ್ ದಿನಾ ಕೊಟ್ಟಿದ್ದೆನಲ್ಲ.

ಧಾರವಾಡದ ಪಶುವೈದ್ಯ, ಪಿಂಪ್ರಿ

ಇರುತ್ತದೆ. ಆದರೆ ಎದೆ ಮಾಂಸದಲ್ಲಿ ಕಡಿಮೆ, ಕಾಲಿನ ಕಪ್ಪು ಮಾಂಸದಲ್ಲಿ ಜಾಸ್ತಿ, ಗುಂಡಿಗೆಯಲ್ಲೂ ಜಾಸ್ತಿ. ಮತ್ತೆ ಅದು ನೀರಿನಲ್ಲಿ ಕರಗುತ್ತದೆ. ಮಾಂಸ ಬೇಯಿಸಿದ ನೀರನ್ನು ನೀವು ಏನು ಮಾಡುತ್ತಿದ್ದಿರಿ?

ಕುಂದಾಪ್ರದವಳು, ಭಾಂಡುಪ್

ಸಿಂಕಿಗೆ ಚೆಲ್ಲುತ್ತಿದ್ದೆ. ಜಿಡ್ಡು ಇರುತ್ತದೆ, ಮರಿಗೆ ಅರಗುವುದಿಲ್ಲ ಅಂದುಕೊಂಡಿದ್ದೆ.

ಕೊತ್ರೂಡ್ ಅಕ್ಕ, ಪುಣೆ

ಆ ನೀರು ಚಿನ್ನ, ಚೆಲ್ಲಬೇಡಿ. ನನ್ನ ಕ್ರಮ ಬರೆಯುತ್ತೇನೆ. ಇದನ್ನು ನಮ್ಮ ಡಾಕ್ಟರ್ ನೋಡಿ ತಿದ್ದಿದ್ದಾರೆ.

ಚಿಕನ್ ಅಂಗಡಿಯವನಿಗೆ ಶನಿವಾರವೇ ಹೇಳಿಡುತ್ತೇನೆ. ಒಂದು ಕಿಲೋ ಕಾಲಿನ ಮಾಂಸ, ಮೂಳೆ ತೆಗೆದು, ಚರ್ಮ ಸ್ವಲ್ಪ ಬಿಟ್ಟು. ಗುಂಡಿಗೆ 100 ಗ್ರಾಂ. ಕಲೇಜಿ, ಅಂದರೆ ಈಲಿ, 50 ಗ್ರಾಂ. ಇಲ್ಲಿ ಕಲೇಜಿ, ಪೇಟಾ (ಕೋಳಿಯ ಜಠರ) ಬೆರೆಸಿ ಕೊಡುತ್ತಾರೆ, ಬೇರೆ ಬೇರೆ ಕೊಡಿ ಅಂತ ಹೇಳಬೇಕು, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಕುಕ್ಕರಿನಲ್ಲಿ ಬೇಡ, ದಪ್ಪ ತಳದ ಪಾತ್ರೆಯಲ್ಲಿ ಮುಳುಗುವಷ್ಟೇ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ. ಗುಲಾಬಿ ಬಣ್ಣ ಹೋದರೆ ಸಾಕು. ಒಂದು ಮೊಟ್ಟೆಯನ್ನೂ ಬೇಯಿಸಿ ಸೇರಿಸುತ್ತೇನೆ. ಹಸಿ ಬಿಳಿಭಾಗ ಕೊಡಬಾರದು, ಅದು ಬಯೋಟಿನ್ ಅನ್ನುವ ಬಿ ವಿಟಮಿನ್ ಅನ್ನು ಕಟ್ಟಿಹಾಕುತ್ತದೆ.

ತಣಿದ ಮೇಲೆ ಆ ನೀರಿನ ಸಮೇತ ಮಿಕ್ಸಿಗೆ. ಪಲ್ಸ್‌ನಲ್ಲಿ ಎರಡೇ ಸುತ್ತು, ಚಟ್ನಿ ಆಗಬಾರದು. ಪುಡಿಗಳನ್ನು ಪೂರ್ತಿ ತಣಿದ ಮೇಲೆ, ಸ್ವಲ್ಪ ಸಾರಿನಲ್ಲಿ ಕದಡಿ ಬೆರೆಸುತ್ತೇನೆ. ಆಗ ಎಲ್ಲ ಕಡೆ ಸಮನಾಗಿ ಹೋಗುತ್ತದೆ. ಆಮೇಲೆ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ. ಒಂದು ದಿನದ್ದು ಮಾತ್ರ ಕೆಳಗೆ ಇಳಿಸುತ್ತೇನೆ. ಕೊಡುವಾಗ ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡುತ್ತೇನೆ. ತಣ್ಣಗಿದ್ದರೆ ಗುಂಡ ಮೂಸಿ ನೋಡಿ ಹೋಗಿಬಿಡುತ್ತಾನೆ. ನಿಮ್ಮ ಮುಂಬೈ ಸೆಖೆಯಲ್ಲಿ ಬಟ್ಟಲಲ್ಲಿ ಉಳಿದದ್ದನ್ನು ಒಂದು ಗಂಟೆಗಿಂತ ಜಾಸ್ತಿ ಇಡಬೇಡಿ.

ಡೊಂಬಿವಲಿ ಹುಡುಗ

ಅಕ್ಕ, ಯಾವ ಪುಡಿ? ಮೂಳೆಯನ್ನೇ ಕುಕ್ಕರಿನಲ್ಲಿ ಹತ್ತು ವಿಸಿಲ್ ಹಾಕಿಸಿ ಮೆತ್ತಗೆ ಮಾಡಿದರೆ ಆಗಲ್ವಾ?

ಕೊತ್ರೂಡ್ ಅಕ್ಕ, ಪುಣೆ

ಬೇಡ ತಮ್ಮಾ. ಬೆಂದ ಮೂಳೆಯ ಚೂರು ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಮೆತ್ತಗಾಯಿತು ಅಂದುಕೊಂಡರೂ ಒಂದು ಚೂರು ಉಳಿದರೆ ಸಾಕು. ಎಷ್ಟು ಕ್ಯಾಲ್ಸಿಯಂ ಹೋಯಿತು ಅನ್ನುವ ಅಂದಾಜೂ ಸಿಗುವುದಿಲ್ಲ.

ನಾನು ಮೊದಲು ಮೊಟ್ಟೆ ಚಿಪ್ಪಿನಿಂದ ಮಾಡುತ್ತಿದ್ದೆ. ಚಿಪ್ಪು ತೊಳೆದು, ಐದು ನಿಮಿಷ ಕುದಿಸಿ, ತವಾ ಮೇಲೆ ಸಣ್ಣ ಉರಿಯಲ್ಲಿ ಚೆನ್ನಾಗಿ ಒಣಗಿಸಿ, ಮಿಕ್ಸಿಯ ಚಿಕ್ಕ ಜಾರಿನಲ್ಲಿ ಪುಡಿ. ಆಮೇಲೆ ಮೈದಾ ಜರಡಿಯಲ್ಲಿ ಸೋಸಬೇಕು. ಎರಡು ಬೆರಳ ನಡುವೆ ಉಜ್ಜಿದರೆ ಟಾಲ್ಕಮ್ ಪೌಡರ್ ಹಾಗಿರಬೇಕು. ಮರಳಿನಂತೆ ತಾಗಿದರೆ ಮತ್ತೆ ಅರೆಯಿರಿ. ಒಂದು ಮೊಟ್ಟೆ ಚಿಪ್ಪಿಗೆ ಸುಮಾರು 5 ಗ್ರಾಂ ಪುಡಿ ಬರುತ್ತದೆ.

ಧಾರವಾಡದ ಪಶುವೈದ್ಯ, ಪಿಂಪ್ರಿ

ಆ ಪುಡಿಯ 1 ಗ್ರಾಂನಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ. ಮರಿಗಾದರೆ ಮೂಳೆ ಇಲ್ಲದ ಒಂದು ಕಿಲೋ ಹಸಿ ಮಾಂಸಕ್ಕೆ 6ರಿಂದ 7 ಗ್ರಾಂ. ಚಮಚದ ಅಳತೆ ಬೇಡ, ಸಣ್ಣ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಟೌರಿನ್ ಪುಡಿ ಕಿಲೋಗೆ 2 ಗ್ರಾಂ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಭಯ ಇಲ್ಲ. ಜಿಮ್ ಸಾಮಾನಿನ ಅಂಗಡಿಯಲ್ಲಿ ಕೊಂಡರೆ ಶುದ್ಧ ಟೌರಿನ್ ಅಂತ ನೋಡಿ ಕೊಳ್ಳಿ, ಕೆಫೀನ್, ಸಿಹಿ, ಪರಿಮಳ ಬೆರೆಸಿದ್ದು ಬೇಡ.

ಆದರೆ ಇಷ್ಟಕ್ಕೇ ಊಟ ಪೂರ್ತಿ ಆಗಲಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಸತು, ಮ್ಯಾಂಗನೀಸ್, ಅಯೋಡಿನ್, ಡಿ ಮತ್ತು ಇ ವಿಟಮಿನ್ ಈ ಪಾತ್ರೆಯಲ್ಲಿ ಇನ್ನೂ ಕಡಿಮೆಯೇ ಇವೆ. ದೊಡ್ಡ ಬೆಕ್ಕು ಒಂದೆರಡು ವಾರ ತಡೆದುಕೊಳ್ಳುತ್ತದೆ. ಮರಿ ತಡೆದುಕೊಳ್ಳುವುದಿಲ್ಲ. ಅದಕ್ಕೆ ನನ್ನ ಸಲಹೆ: ಮೂಳೆರಹಿತ ಮಾಂಸಕ್ಕೆ ಬೆರೆಸಲು ಅಂತಲೇ ಮಾಡಿದ, ಬೆಳೆಯುವ ಮರಿಗೂ ಆಗುತ್ತದೆ ಅಂತ ಬರೆದಿರುವ ಪ್ರೀಮಿಕ್ಸ್, ಅಂದರೆ ವಿಟಮಿನ್ ಖನಿಜಗಳ ಸಿದ್ಧ ಪುಡಿ, ಬಳಸಿ. ಅದರಲ್ಲಿ ಕ್ಯಾಲ್ಸಿಯಂ ಇದ್ದರೆ ಚಿಪ್ಪಿನ ಪುಡಿ ಹಾಕಬೇಡಿ, ಎರಡೂ ಸೇರಿದರೆ ಅತಿಯಾಗುತ್ತದೆ. ಈಲಿ ಹಾಕಬೇಕೋ ಬೇಡವೋ ಅದನ್ನೂ ಡಬ್ಬಿ ಮೇಲೆ ಓದಿ. ಈಲಿ ಮಿತಿ ಮೀರಿ ವರ್ಷಗಟ್ಟಲೆ ಕೊಟ್ಟರೆ ಎ ವಿಟಮಿನ್ ವಿಷವಾಗಿ ಕತ್ತಿನ ಮೂಳೆಗಳು ಒಂದಕ್ಕೊಂದು ಅಂಟುತ್ತವೆ.

ಕೊತ್ರೂಡ್ ಅಕ್ಕ, ಪುಣೆ

ಹೌದು, ನಾನೂ ಈಗ ಪ್ರೀಮಿಕ್ಸ್‌ಗೆ ಬಂದಿದ್ದೇನೆ. ಚಿಪ್ಪಿನ ಪುಡಿ ನಿಲ್ಲಿಸಿದೆ.

ಮಡಗಾಂವ್ ಮನೆ, ಗೋವಾ

ನಮ್ಮಲ್ಲಿ ಚಿಕನ್‌ಗಿಂತ ಮೀನು ಸುಲಭ. ಊರಲ್ಲಿ ಬೂತಾಯಿ ಅನ್ನುತ್ತಿದ್ದೆವು, ಇಲ್ಲಿ ತಾರ್ಲೆ. ಬೆಳಿಗ್ಗೆ ಮೀನುಗಾರ್ತಿ ಬಾಗಿಲಿಗೇ ತರುತ್ತಾಳೆ. ಬುಟ್ಟಿ ಇಳಿಸುವ ಮೊದಲೇ ನಮ್ಮ ಎರಡು ಮರಿಗಳು ಬಾಗಿಲಲ್ಲಿ ಹಾಜರು. ದಿನಾ ಹಸಿಯಾಗೇ ಎರಡೆರಡು ಕೊಡುತ್ತೇವೆ. ತೊಂದರೆಯಾ?

ಧಾರವಾಡದ ಪಶುವೈದ್ಯ, ಪಿಂಪ್ರಿ

ಹಸಿಯಾಗಿ ಬೇಡ. ಕೆಲವು ಮೀನುಗಳಲ್ಲಿ ಬಿ1 ವಿಟಮಿನ್ ಅನ್ನು ಹಾಳುಮಾಡುವ ಕಿಣ್ವ ಇರುತ್ತದೆ. ಬಿ1 ಕಡಿಮೆಯಾದರೆ ಮರಿ ತೂರಾಡುತ್ತದೆ, ತಲೆ ಎದೆಯ ಕಡೆಗೆ ಬಾಗುತ್ತದೆ, ಫಿಟ್ಸ್ ಬರುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಬೇಯಿಸಿ ಮುಳ್ಳು ತೆಗೆದು ವಾರಕ್ಕೆ ಒಂದೆರಡು ಸಲ ಕೊಡಿ. ತಾರ್ಲೆಯ ಎಣ್ಣೆ ಮರಿಯ ಮೆದುಳಿಗೆ, ಕಣ್ಣಿಗೆ ಒಳ್ಳೆಯದೇ. ಬರೀ ಮೀನಿನ ಮೇಲೆ ಬೆಳೆಸಿದರೆ ಇ ವಿಟಮಿನ್ ಸಾಲದೆ ಚರ್ಮದ ಕೆಳಗಿನ ಕೊಬ್ಬು ಉರಿಯೂತಕ್ಕೆ ಬರುತ್ತದೆ, ಮುಟ್ಟಿದರೆ ನೋವು. ಒಣ ಬೊಂಬಿಲ್ ಮೀನು, ಸುಕಟ್ (ಒಣ ಸಿಗಡಿ) ಬೇಡ, ಉಪ್ಪು ಜಾಸ್ತಿ. ನಿಮ್ಮ ಮೀನು ಸಾರಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುತ್ತದೆ. ಅದರಿಂದ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತದೆ. ಸಾರಿನ ಮೀನು ತೊಳೆದು ಕೊಟ್ಟರೂ ಬೇಡ.

ಡೊಂಬಿವಲಿ ಹುಡುಗ

ಹಸಿ ಚಿಕನ್ ಕೊಡುವವರೂ ಇದ್ದಾರಲ್ಲ? ಹುಲಿ ಸಿಂಹ ಎಲ್ಲ ಹಸಿಯಾಗೇ ತಿನ್ನುತ್ತವೆ ಅಂತಾರೆ.

ಧಾರವಾಡದ ಪಶುವೈದ್ಯ, ಪಿಂಪ್ರಿ

ಹುಲಿಯ ಮಾತೇ ತೆಗೆದುಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ನಾಗಪುರದ ಗೋರೆವಾಡಾ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಹಕ್ಕಿ ಜ್ವರದಿಂದ ಸತ್ತವು. ಮನೆ ಬೆಕ್ಕಿಗೂ ಅದು ತಗಲುತ್ತದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೇರೆ. ಬೇಯಿಸಿ ಕೊಡಿ.

ಮಾಟುಂಗಾ ಅಜ್ಜಿ

ನಮ್ಮದು ಸಸ್ಯಾಹಾರಿ ಮನೆ. ಮೊಮ್ಮಗಳು ಒಂದು ಮರಿ ತಂದಿದ್ದಾಳೆ, ಎರಡು ತಿಂಗಳದ್ದು. ಅಡುಗೆಮನೆಗೆ ಮಾಂಸ ತರಲು ನನ್ನ ಮನಸ್ಸು ಒಪ್ಪುವುದಿಲ್ಲ. ಪನೀರು, ಮೊಸರನ್ನ, ಬೇಳೆ ಕಟ್ಟು ಕೊಟ್ಟು ಬೆಳೆಸಬಹುದೇ? ಅದು ನನ್ನ ಕಾಲ ಮೇಲೇ ಮಲಗುತ್ತದೆ. ಅದಕ್ಕೆ ಅನ್ಯಾಯ ಆಗಬಾರದು.

ಕೊತ್ರೂಡ್ ಅಕ್ಕ, ಪುಣೆ

ಅಜ್ಜಿ, ನಮಸ್ಕಾರ. ಬೆಳೆಸಲು ಆಗುವುದಿಲ್ಲ. ಅದರ ದೇಹವೇ ಮಾಂಸಕ್ಕೆ ಅಂತ ಆಗಿದೆ. ಆದರೆ ನಿಮ್ಮ ಅಡುಗೆಮನೆಗೆ ಮಾಂಸ ಬರಬೇಕಾಗಿಲ್ಲ. ಮರಿಗಳಿಗೆ ಅಂತ ಬರೆದ ಸಂಪೂರ್ಣ ಆಹಾರ ಪೌಚ್‌ನಲ್ಲಿ ಬರುತ್ತದೆ. ಮೊಮ್ಮಗಳು ಬಾಲ್ಕನಿಯಲ್ಲಿ ಬೇರೆ ಬಟ್ಟಲು ಇಟ್ಟು ಕೊಡಲಿ, ಅವಳೇ ತೊಳೆದಿಡಲಿ. ಸಸ್ಯಾಹಾರಿ ಮನೆಯಲ್ಲಿ ಬೆಕ್ಕು ಚೆನ್ನಾಗಿ ಬೆಳೆದದ್ದನ್ನು ನಾನೇ ನೋಡಿದ್ದೇನೆ, ಹೀಗೇ ಮಾಡಿದ್ದರು. ನೀವು ಕಾಲ ಮೇಲೆ ಮಲಗಿಸಿಕೊಳ್ಳಿ.

ಮಾಟುಂಗಾ ಅಜ್ಜಿ

ಬಾಲ್ಕನಿ ಆಗಬಹುದು. ದಿನಕ್ಕೆ ಎಷ್ಟು ಸಲ?

ಧಾರವಾಡದ ಪಶುವೈದ್ಯ, ಪಿಂಪ್ರಿ

ಎರಡು ತಿಂಗಳ ಮರಿಗೆ ನಾಲ್ಕು ಸಲ, ಅಜ್ಜಿ. ನಾಲ್ಕು ತಿಂಗಳಾದ ಮೇಲೆ ಮೂರು, ಆರು ತಿಂಗಳಿಗೆ ಎರಡು ಸಾಕು. 1 ಕಿಲೋ ತೂಗುವ ಮರಿಗೆ ದಿನಕ್ಕೆ ಸುಮಾರು 200 ಕ್ಯಾಲರಿ ಬೇಕು, ಒಂದು ಕಿಲೋ ತೂಕಕ್ಕೆ ಲೆಕ್ಕ ಹಾಕಿದರೆ ದೊಡ್ಡ ಬೆಕ್ಕಿನ ಮೂರು ಪಟ್ಟು. ವಾರಕ್ಕೊಮ್ಮೆ ತೂಗಿ. ಸುಮಾರು 100 ಗ್ರಾಂ ಏರುತ್ತಿದ್ದರೆ ಸರಿ. ಏರುವುದು ನಿಂತರೆ ಕಾಯಬೇಡಿ.

ಕುಂದಾಪ್ರದವಳು, ಭಾಂಡುಪ್ (ಏಳು ವಾರದ ನಂತರ)

ಕೆಲವರು ಬೆಲ್ಲನ ಸುದ್ದಿ ಕೇಳಿದ್ದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನಾಲ್ಕನೇ ವಾರದ ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಬೆಳ್ಳಗೆ ಗೆರೆ ಹಾಕಿದಂತೆ ಕಂಡಿತು. ಡಾಕ್ಟರ್ ಎರಡೂ ಫಿಲ್ಮ್ ಪಕ್ಕಪಕ್ಕ ಹಿಡಿದು ತೋರಿಸಿದರು. ಪಂಜರ ಬಿಟ್ಟೆವು. ಆರನೇ ವಾರದಿಂದ ಅವರನ್ನು ಕೇಳಿಯೇ ಮನೆ ಊಟ ಶುರು ಮಾಡಿದೆ, ಕಾಲು ಭಾಗ ಮಾತ್ರ, ಪ್ರೀಮಿಕ್ಸ್ ಹಾಕಿ. ಮುಕ್ಕಾಲು ಭಾಗ ಇನ್ನೂ ಪೌಚ್. ಹತ್ತು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬದಲಿಸುತ್ತೇನೆ. ಫ್ರಿಜ್ ಬಾಗಿಲಿಗೆ ಒಂದು ಕಾಗದ ಅಂಟಿಸಿ ಪ್ರತಿ ಭಾನುವಾರದ ತೂಕ ಬರೆಯುತ್ತಿದ್ದೇನೆ. 880, 950, 1040, 1150, 1250, 1360, 1470, ನಿನ್ನೆ 1590.

ಮೊದಲ ಸಲ ಮಾಡಿದ ದಿನ ಬೇಯಿಸಿದ ನೀರನ್ನು ಕೈತಪ್ಪಿ ಸಿಂಕಿನ ಹತ್ತಿರ ಒಯ್ದಿದ್ದೆ, ಹಳೇ ಅಭ್ಯಾಸ. ಯಜಮಾನರು ಹಿಂದಿನಿಂದ "ಏ, ಅದು ಚಿನ್ನ" ಅಂದರು. ಈ ಚರ್ಚೆಯನ್ನು ಅವರೂ ಓದಿದ್ದಾರೆ.

ಕೊತ್ರೂಡ್ ಅಕ್ಕ, ಪುಣೆ

ಕಣ್ಣು ತುಂಬಿ ಬಂತು. ಜಿಗಿಯುತ್ತಾನಾ ಈಗ?

ಕುಂದಾಪ್ರದವಳು, ಭಾಂಡುಪ್

ಇದನ್ನು ಬರೆಯುವಾಗ ವಾಷಿಂಗ್ ಮೆಷೀನ್ ಮೇಲೆ ಕೂತಿದ್ದಾನೆ ಅಕ್ಕ. ನಾವು ಯಾರೂ ಎತ್ತಿ ಕೂರಿಸಿದ್ದಲ್ಲ.